ಎಂಬತ್ತೊಂದು ಪಾಯಿಂಟ್ ನಾಲ್ಕು

ಕಟಿಂಗ್ ಎನ್ನುವ ಮಾತಿಗೆ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಅರ್ಥ. ತಿಂಗಳಿಗೊಂದು ಭಾನುವಾರ, ಬೀದಿ ಕೊನೆಯ ಸಲೂನು, ಬಂದವನು ಏನನ್ನೂ ಮುಟ್ಟದೆ ನೇರ ಬಚ್ಚಲುಮನೆಗೆ. ಹಾಗಾಗಿ ಜಿಮ್ಮಿನಿಂದ ಬಂದು "ಅಮ್ಮಾ, ಇನ್ನು ನಾಲ್ಕು ತಿಂಗಳು ನನ್ನದು ಕಟಿಂಗ್" ಎಂದಾಗ ಅಮ್ಮ ನನ್ನ ನೆತ್ತಿಯನ್ನೇ ನೋಡಿದಳು. "ಇರೋದೇ ನಾಲ್ಕು ಕೂದಲು. ತಿಂಗಳಿಗೆ ಒಂದರಂತೆ ತೆಗೆಸ್ತೀಯೇನೋ?"

ಜಿಮ್ಮಿನ ಕಟಿಂಗ್ ಬೇರೆ ಸ್ವಾಮಿ. ಅಲ್ಲಿ ಮೊದಲು ಬಲ್ಕಿಂಗ್ ಅಂತ ಒಂದು ಕಾಲ: ಚೆನ್ನಾಗಿ ತಿಂದು, ಕಬ್ಬಿಣ ಎತ್ತಿ, ಮೈ ಬೆಳೆಸುವುದು. ಆಮೇಲೆ ಕಟಿಂಗ್: ಬೆಳೆದ ಮಾಂಸಖಂಡ ಉಳಿಸಿಕೊಂಡು, ಜೊತೆಗೆ ಕರೆಯದೆ ಬಂದ ಕೊಬ್ಬನ್ನು ಕರಗಿಸುವುದು. ಕಬ್ಬಿಣ ಎತ್ತುವ ಭಾಗವೊಂದನ್ನು ಬಿಟ್ಟರೆ ಬಲ್ಕಿಂಗನ್ನು ನಾನು ನಲವತ್ತನಾಲ್ಕು ವರ್ಷ ಶ್ರದ್ಧೆಯಿಂದ ಮಾಡಿದ್ದೆ. ಅದನ್ನು ಕಂಡು ಟ್ರೇನರ್ ಹುಡುಗ ನನ್ನನ್ನು ನೇರ ಎರಡನೆಯ ಕ್ಲಾಸಿಗೇ ಸೇರಿಸಿಕೊಂಡ.

ಎತ್ತರ 172 ಸೆಂಟಿಮೀಟರ್, ತೂಕ 89 ಕೆಜಿ. "ನಿಮಗೆ ದಿನಕ್ಕೆ ಸುಮಾರು 2,450 ಕ್ಯಾಲೊರಿ ಖರ್ಚಾಗತ್ತೆ ಸಾರ್. 1,900 ತಿನ್ನಿ. ವಾರಕ್ಕೆ ಅರ್ಧ ಕೆಜಿ ಇಳೀತೀರ." ಒಂದು ಕೆಜಿ ಕೊಬ್ಬೆಂದರೆ ಹೆಚ್ಚುಕಡಿಮೆ 7,700 ಕ್ಯಾಲೊರಿ, ದಿನಕ್ಕೆ 550 ಉಳಿಸಿದರೆ ಅವನ ಲೆಕ್ಕ ಸರಿಯೇ. ಹದಿನೈದು ವಾರ ಸಲೀಸಾಗಿ ಇಳಿದೆ. ಬೆಲ್ಟಿಗೆ ಎರಡು ತೂತು ಹೊಸದಾಗಿ ಕೊರೆಸಿದೆ. ಮದುವೆಮನೆಗಳಲ್ಲಿ ಹೋಳಿಗೆ ಬೇಡವೆನ್ನುವ ದುರಹಂಕಾರವೂ ಬಂತು.

ಆಮೇಲೆ 81.4. ಮುಂದಿನ ವಾರ 81.4. ಅದರ ಮುಂದಿನ ವಾರವೂ ಅದೇ. ಯಂತ್ರ ಕೆಟ್ಟಿದೆ ಎಂದು ಸೆಲ್ ಬದಲಾಯಿಸಿದೆ. ಹೊಸ ಸೆಲ್ಲಿಗೆ ಅದೇ ಅಂಕಿ ಇನ್ನೂ ಸ್ಪಷ್ಟವಾಗಿ ಕಂಡಿತು. ಒಂಟಿಕಾಲಿನಲ್ಲಿ ನಿಂತೆ, ಉಸಿರು ಬಿಟ್ಟು ನಿಂತೆ, ಕನ್ನಡಕ ತೆಗೆದು ನಿಂತೆ. ಕನ್ನಡಕ ತೆಗೆದಾಗ ಮಾತ್ರ ಸ್ವಲ್ಪ ನೆಮ್ಮದಿ ಇತ್ತು.

ಆಫೀಸಿನ ಗೆಳೆಯನ ಸಲಹೆ ಸರಳ: ಅನ್ನ ಬಿಟ್ಟುಬಿಡು, 1,200ಕ್ಕೆ ಇಳಿಸು. ಅವನೇ ನೂರು ಕೆಜಿ ಇದ್ದಾನೆ, ಇರಲಿ. ಟ್ರೇನರ್ ಒಪ್ಪಲಿಲ್ಲ. "ದುಡುಕಬೇಡಿ ಸಾರ್. ದಿನಾ ಬೆಳಗ್ಗೆ ತೂಗಿ, ವಾರದ ಸರಾಸರಿ ತೆಗೀರಿ. ಎರಡು ಮೂರು ವಾರ ಸರಾಸರಿನೇ ಅಲ್ಲಾಡದಿದ್ರೆ ಆಗ ಯೋಚನೆ ಮಾಡೋಣ." ಅವನು ಹೇಳುವುದರಲ್ಲೂ ಅರ್ಥವಿದೆ. ರಾತ್ರಿ ಉಪ್ಪಿನಕಾಯಿ, ಹಪ್ಪಳ ಜೋರಾಗಿ ಬಿದ್ದರೆ ಬೆಳಗಾಗುವುದರೊಳಗೆ ಮೈ ನೀರು ಹಿಡಿದುಕೊಂಡು ಕೊಬ್ಬಿನ ವೇಷ ಹಾಕಿಬಿಡುತ್ತದೆ. ಸರಾಸರಿ ತೆಗೆದೆ. 81.4.

ತೂಕದ ಹುಚ್ಚು ನನ್ನೊಬ್ಬನಿಗೇ ಹಿಡಿದದ್ದಲ್ಲ ಎನ್ನುವುದೊಂದು ಸಮಾಧಾನ. ಇಟಲಿಯ ಪಡುವಾದಲ್ಲಿ ಸಾಂಟೊರಿಯೊ ಎಂಬ ವೈದ್ಯನಿದ್ದ. ದೊಡ್ಡ ತಕ್ಕಡಿಗೆ ಕುರ್ಚಿ ನೇತುಹಾಕಿ ಅದರಲ್ಲೇ ಕೂತು ಉಣ್ಣುತ್ತಿದ್ದ. ಒಳಗೆ ಹೋದದ್ದು, ಹೊರಗೆ ಹೋದದ್ದು, ಎರಡನ್ನೂ ವರ್ಷಾನುಗಟ್ಟಲೆ ತೂಗಿ 1614ರಲ್ಲಿ ಪುಸ್ತಕ ಬರೆದ. ನಮ್ಮವರು ಉಡುಪಿಗೋ ಧರ್ಮಸ್ಥಳಕ್ಕೋ ಹೋಗಿ ಹರಕೆಗೆಂದು ಒಂದು ಸಲ ತುಲಾಭಾರ ಮಾಡಿಸಿಕೊಂಡು ಬರುತ್ತಾರೆ; ಈ ಪುಣ್ಯಾತ್ಮನಿಗೆ ನಿತ್ಯವೂ ತುಲಾಭಾರ. ಒಳಗೆ ಹೋದದ್ದರಲ್ಲಿ ಬಹುಪಾಲು ಕಣ್ಣಿಗೆ ಕಾಣದ ಹಾಗೆ ಎಲ್ಲಿ ಹೋಗುತ್ತಿದೆ ಎಂಬುದು ಅವನ ಪ್ರಶ್ನೆ. ಕಣ್ಣಿಗೆ ಕಾಣದ ಹಾಗೆ ಎಲ್ಲಿಂದ ಬರುತ್ತಿದೆ ಎಂಬುದು ನನ್ನದು.

ಕೊನೆಗೆ ನನ್ನವಳು ಪುಸ್ತಕ ಕೇಳಿದಳು. ಅವಳು ಸಹಕಾರಿ ಬ್ಯಾಂಕಿನಲ್ಲಿ ಆಡಿಟರ್. ನಾನು ನಾಲ್ಕು ತಿಂಗಳಿಂದ ತಿಂದದ್ದನ್ನು ಬರೆದಿಟ್ಟ ನೋಟುಪುಸ್ತಕವನ್ನು ಕೆಂಪು ಪೆನ್ನು ಹಿಡಿದೇ ತೆರೆದಳು.

"ರೀ, ತೂಕ ಇಳಿದ್ಮೇಲೆ ಖರ್ಚೂ ಇಳಿಯಲ್ವ? 89 ಕೆಜಿ ಹೊತ್ಕೊಂಡು ಮೆಟ್ಟಿಲು ಹತ್ತೋದೂ 81 ಕೆಜಿ ಹೊತ್ಕೊಂಡು ಹತ್ತೋದೂ ಒಂದೇನಾ?" ಒಂದೇ ಅಲ್ಲ. ಟ್ರೇನರ್ ಬಳಸುವ ಸೂತ್ರದಲ್ಲಿ ಸುಮ್ಮನೆ ಮಲಗಿದ್ದರೂ ಕೆಜಿಗೆ ಹತ್ತು ಕ್ಯಾಲೊರಿ. ಓಡಾಟ ಸೇರಿದರೆ ಹದಿನಾಲ್ಕರ ಹತ್ತಿರ. ಏಳೂವರೆ ಕೆಜಿ ಹೋದಾಗ ಜೊತೆಗೆ ದಿನದ ನೂರು ಚಿಲ್ಲರೆ ಖರ್ಚೂ ಹೋಗಿತ್ತು. ಬರಗಾಲ ಬಂತೆಂದು ಮೈಯೂ ಅದರ ಮೇಲೆ ಒಂದಿಷ್ಟು ಜಿಪುಣತನ ಮಾಡುತ್ತದಂತೆ. ಆದರೂ 550ರಲ್ಲಿ ಸುಮಾರು 400 ಉಳಿಯಬೇಕಿತ್ತು.

"ಆ ನಾನೂರು ಎಲ್ಲಿ?" ಎಂದಳು, ಕ್ಯಾಷಿಯರನ್ನು ಕೇಳುವ ಧಾಟಿಯಲ್ಲಿ.

ಮಹಜರು ಅಡುಗೆಮನೆಯಲ್ಲಿ ನಡೆಯಿತು. ನೋಟುಪುಸ್ತಕದಲ್ಲಿ "ಎಣ್ಣೆ, ಒಂದು ಚಮಚ" ಎಂದಿತ್ತು. ಯಾವ ಚಮಚ? ಮೊದಲ ತಿಂಗಳು ಅಳೆಯುವ ಚಮಚ. ಅದು ಕಳೆದುಹೋದ ಮೇಲೆ ಒಗ್ಗರಣೆ ಸೌಟು, ಕಣ್ಣಳತೆ. ಅಳತೆಯ ದೊಡ್ಡ ಚಮಚಕ್ಕೆ 15 ಎಂಎಲ್, ಸುಮಾರು 120 ಕ್ಯಾಲೊರಿ. ಸೌಟಿಗೆ ಅಂಥವು ಎರಡು ಹಿಡಿದವು. ಹಸಿದವನ ಕಣ್ಣಳತೆ ಯಾವತ್ತೂ ಹಸಿದವನ ಪರವೇ.

ಮುಂದಿನ ಸಾಕ್ಷಿ ಅಮ್ಮ. "ತುಪ್ಪ ಹಾಕ್ತೀರಾ ಅತ್ತೆ, ಇವರಿಗೆ?"

"ನಾನು ತುಪ್ಪ ಹಾಕೋದು ಅನ್ನಕ್ಕಮ್ಮ, ಇವನಿಗಲ್ಲ."

ವಿಚಾರಣೆ ಮುಂದುವರಿದಾಗ ಇನ್ನೊಂದು ಸಂಗತಿ ಹೊರಬಿತ್ತು. ಮಗ ಬಡವಾಗುತ್ತಿದ್ದಾನೆಂದು ಅಮ್ಮನಿಗೆ ಸಂಕಟ. ನಾನು ಒಂದೊಂದು ಕೆಜಿ ಇಳಿದಂತೆಲ್ಲ ತುಪ್ಪದ ಮಿಳ್ಳೆ ಒಂದೊಂದು ಹನಿ ಧಾರಾಳವಾಗುತ್ತ ಬಂದಿತ್ತು. ಟ್ರೇನರ್ ಒಂದು ಕಡೆಯಿಂದ ಎಳೆಯುತ್ತಿದ್ದ, ಅಮ್ಮ ಇನ್ನೊಂದು ಕಡೆಯಿಂದ. 81.4ರಲ್ಲಿ ಇಬ್ಬರ ಬಲವೂ ಸಮವಾಗಿತ್ತು.

ನನ್ನ ಆಫೀಸಿನ ಡ್ರಾಯರಿನಲ್ಲಿ ಕಾಂಗ್ರೆಸ್ ಕಡಲೆಕಾಯಿ ಇದೆ ಎನ್ನುವುದನ್ನು ನಾನಾಗಿಯೇ ಒಪ್ಪಿಕೊಂಡೆ. ದಿನಾ ನಾಲ್ಕು ಕಾಳು ಎಂದೆ. ತೂಗಿಸಿದಳು. ನನ್ನ ನಾಲ್ಕು ಕಾಳು 30 ಗ್ರಾಂ, ಅಂದರೆ 170ಕ್ಕೆ ಕಡಿಮೆಯಿಲ್ಲ. ನಗಬೇಡಿ. 1992ರಲ್ಲಿ ನ್ಯೂಯಾರ್ಕಿನಲ್ಲಿ, 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ಇಳಿಯುವುದಿಲ್ಲ ಎಂದು ಅಲವತ್ತುಕೊಂಡವರನ್ನು ಕೂರಿಸಿ ಪರೀಕ್ಷೆ ಮಾಡಿದರು. ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು, ದಣಿದದ್ದನ್ನು ಶೇ. 51ರಷ್ಟು ಹೆಚ್ಚು. ಅವರ ಪೈಕಿ ಯಾರೂ ಕಳ್ಳರಲ್ಲ. ಅವರ ಮನೆಯಲ್ಲೂ ಒಂದೊಂದು ಸೌಟು ಇದ್ದಿರಬೇಕು.

ಕೊನೆಗೆ ನನ್ನ ಮಗ, ಯಾರೂ ಕೇಳದೆಯೇ: "ಅಪ್ಪ ಈಗ ಎದ್ದೇಳೋದೇ ಇಲ್ಲ. ನೀರು ತಾ, ಚಾರ್ಜರ್ ತಾ, ಎಲ್ಲ ನನಗೇ." ಮೊಬೈಲು ತೆಗೆದು ನೋಡಿದರೆ ದಿನಕ್ಕೆ ಒಂಬತ್ತು ಸಾವಿರ ಹೆಜ್ಜೆ ಇದ್ದದ್ದು ಐದೂವರೆಗೆ ಬಂದಿತ್ತು. ಕಡಿಮೆ ತಿನ್ನುವ ಮೈ ನಮ್ಮನ್ನು ಕೇಳದೆ ಅಲ್ಲಾಡುವುದನ್ನೂ ಕಡಿಮೆ ಮಾಡಿಕೊಳ್ಳುತ್ತದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಜೇಮ್ಸ್ ಲೆವಿನ್ ಇದರ ತಿರುಗುಮುರುಗು ಪ್ರಯೋಗ ಮಾಡಿ 1999ರಲ್ಲಿ ಪ್ರಕಟಿಸಿದರು: 16 ಮಂದಿಗೆ ಎಂಟು ವಾರ ದಿನಕ್ಕೆ ಸಾವಿರ ಕ್ಯಾಲೊರಿ ಹೆಚ್ಚಿಗೆ ತಿನ್ನಿಸಿದರು. ಕೆಲವರಿಗೆ ನಾಲ್ಕು ಕೆಜಿ ಕೊಬ್ಬು ಬಂತು, ಕೆಲವರಿಗೆ ಅರ್ಧ ಕೆಜಿಯೂ ಇಲ್ಲ. ಬರದವರು ತಮಗೇ ತಿಳಿಯದ ಹಾಗೆ ಎದ್ದು ಕೂತು, ಓಡಾಡಿ, ಕೈಕಾಲು ಆಡಿಸಿ ಅದನ್ನು ಖರ್ಚು ಮಾಡಿದ್ದರು. ನಾನು ಚಿಕ್ಕವನಿದ್ದಾಗ ಕೂತಲ್ಲಿ ಕಾಲು ಅಲ್ಲಾಡಿಸುತ್ತಿದ್ದೆ. "ಹಾಗೆ ಅಲ್ಲಾಡಿಸಿದ್ರೆ ಮನೆಗೆ ದರಿದ್ರ" ಎಂದು ಅಜ್ಜಿ ತೊಡೆಗೆ ಹೊಡೆದು ಬಿಡಿಸಿದ್ದಳು. ದರಿದ್ರ ಬಂತೋ ಇಲ್ಲವೋ, ಹೊಟ್ಟೆ ಬಂತು.

ತೀರ್ಪು ಹೀಗಾಯಿತು. ಮೊದಲು ಎರಡು ವಾರ ಹಳೆಯ 1,900ನ್ನೇ ನಿಜವಾಗಿ ತಿನ್ನಬೇಕು, ಅಳೆಯುವ ಚಮಚ ಹೊಸದು ತರಬೇಕು, ನೀರು ನಾನೇ ತಗೊಳ್ಳಬೇಕು. ಆಮೇಲೆ ನೂರೈವತ್ತು ಕಡಿತ, ಅದೂ ರಾತ್ರಿಯ ಅನ್ನ ಮತ್ತು ಒಗ್ಗರಣೆಯಿಂದ. ಮೊಸರು, ಬೇಳೆ, ಮೊಟ್ಟೆಗೆ ಕೈ ಹಚ್ಚುವಂತಿಲ್ಲ. ಬರೀ ನೂರೈವತ್ತೇ ಎಂದು ನಾನು ವೀರಾವೇಶ ತೋರಿಸಿದೆ. "ಈಗಲೇ 1,200ಕ್ಕೆ ಇಳಿಸಿಬಿಟ್ರೆ ಮುಂದಿನ ಸಲ ನಿಂತಾಗ ಇಳಿಸೋಕೆ ಏನಿರತ್ತೆ ಸಾರ್? ಕೊಬ್ಬಿನ ಜೊತೆ ಮಾಂಸಖಂಡಾನೂ ಹೋಗತ್ತೆ" ಎಂದ ಟ್ರೇನರ್. ಅಮ್ಮನಿಗೆ ಹೊಸ ಚಮಚ ತೋರಿಸಿದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಮಗುವಿಗೆ ಔಷಧಿ ಹಾಕೋದಲ್ವೇನೋ?" ಎಂದಳು.

ಸರಾಸರಿ 81ಕ್ಕೆ ಬಂತು, ಆಮೇಲೆ 80.6. ಮೊನ್ನೆ ಭಾನುವಾರ ಅದೇ ಲೆಕ್ಕ ಮನಸ್ಸಿನಲ್ಲಿ ಹಾಕುತ್ತ ಸಲೂನಿನ ಕುರ್ಚಿಯಲ್ಲಿ ಕೂತಿದ್ದೆ. ಹುಡುಗ ಕುತ್ತಿಗೆಗೆ ಬಿಳಿ ಬಟ್ಟೆ ಬಿಗಿದು ಕೇಳಿದ, "ಎಷ್ಟು ತೆಗೀಲಿ ಸಾರ್?"

"ನೂರೈವತ್ತು."

ಅವನು ನನ್ನ ನೆತ್ತಿಯ ಮೇಲೆ ಬಾಚಣಿಗೆಯನ್ನು ಒಮ್ಮೆ ಆಡಿಸಿ, ಕನ್ನಡಿಯಲ್ಲಿ ನನ್ನ ಮುಖ ನೋಡಿ, ದನಿ ತಗ್ಗಿಸಿ ಹೇಳಿದ:

"ಅಷ್ಟು ಸಿಗಲ್ಲ ಸಾರ್."