ಲಿಫ್ಟಿನ ಮೌನವ್ರತ

ಬೆಂಗಳೂರಿನ ವೈಟ್‌ಫೀಲ್ಡ್. ಅಪಾರ್ಟ್‌ಮೆಂಟಿನ ಕೆಳಗೆ, ಬೆಳಗ್ಗೆ ಎಂಟು.

"ಸೆಕ್ರೆಟರಿ ಸಾರ್, ಲಿಫ್ಟು ಕೆಟ್ಟು ಹದಿನೈದು ದಿನ ಆಯ್ತಲ್ಲ?"

"ನಿಮ್ಮ ಆರೋಗ್ಯಕ್ಕೇ ಮೇಡಂ. ಜಿಮ್ ಫೀಸು ಬೇರೆ ಹಾಕಿಲ್ಲ ನೋಡಿ!"

"ನಲ್ಲಿ ತಿರುಗಿಸಿದ್ರೆ ಬರೀ ಗಾಳಿ."

"ಗಾಳಿಗೆ ಇನ್ನೂ ದುಡ್ಡು ಕೇಳಿಲ್ಲ. ಟ್ಯಾಂಕರ್‌ನವನು ಬರ್ಬೇಕು."

"ಮೇಂಟೆನೆನ್ಸ್ ಮಾತ್ರ 7,600!"

"ತಿಂಗಳಿಗೆ 7,500 ದಾಟಿತಲ್ಲ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ."

"ನೂರು ರೂಪಾಯಿ ಇಳಿಸಿದ್ರೆ ತೆರಿಗೆ ಉಳೀತಿತ್ತು!"

"ಅಷ್ಟು ಸಣ್ಣ ಮನಸ್ಸು ನಮ್ಮ ಕಮಿಟಿಗಿಲ್ಲ ಮೇಡಂ."

"ಸರಿ, ಲೆಕ್ಕದ ಪುಸ್ತಕ ತೋರಿಸಿ."

"ಹತ್ತನೇ ಮಹಡೀಲಿದೆ. ಲಿಫ್ಟು ರಿಪೇರಿ ಆದ್ಮೇಲೆ ಬನ್ನಿ."

ಜಮಾಖರ್ಚಿನ ಪುಸ್ತಕ ನೋಡುವ ಹಕ್ಕನ್ನು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯೇ ಫ್ಲ್ಯಾಟ್ ಮಾಲೀಕರಿಗೆ ಕೊಟ್ಟಿದೆ. ಮೆಟ್ಟಿಲು ಮಾತ್ರ ನಾವೇ ಹತ್ತಬೇಕು.