ನಕ್ಷೆಗೆ ಮುಂಚಿನ ದಿಬ್ಬಣ

ರೋಣ ತಾಲ್ಲೂಕಿನ ಸವಡಿಯ ಎರೆಹೊಲಗಳಲ್ಲಿ ಕಡಲೆ ಎಲ್ಲಿ, ಬಿಳಿಜೋಳ ಎಲ್ಲಿ ಎಂಬುದನ್ನು ನಕ್ಷೆಯಲ್ಲಿ ಬಣ್ಣ ತುಂಬಿ ತೋರಿಸುವ ಆಸೆ ಹುಟ್ಟಿದವರಿಗೆ, ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ರೂಪಿಸಿದ, 2000ದ ಫೆಬ್ರವರಿ 29ರಂದು 1.0.0 ಆವೃತ್ತಿ ಕಂಡ 'ಆರ್' ಎಂಬ ಸಂಖ್ಯಾಶಾಸ್ತ್ರೀಯ ಭಾಷೆ ಪುಕ್ಕಟೆಯಾಗಿ ಸಿಗುತ್ತದೆ. ಪುಕ್ಕಟೆ ಎಂಬುದು ಹಣದ ಮಟ್ಟಿಗೆ ಮಾತ್ರ ನಿಜ. ನಕ್ಷೆಗೆ ಬೇಕಾದ 'ಎಸ್‌ಎಫ್' ಪ್ಯಾಕೇಜನ್ನು, ಅಂದರೆ ಸಿದ್ಧ ಸಾಧನಗಳ ಕಟ್ಟನ್ನು, ಲಿನಕ್ಸ್‌ನಲ್ಲಿ ಮೂಲ ಸಂಕೇತದಿಂದ ಕಂಪೈಲ್ ಮಾಡುವಾಗ, ಬೀಗರ ಪರಿವಾರದಂತೆ, ಕಡತಗಳನ್ನು ಓದುವ ಜಿಡಾಲ್, ಆಕೃತಿಗಳ ಲೆಕ್ಕ ಹಾಕುವ ಜಿಯೋಸ್, ಗುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪ್ರಾಜ್ ಮೊದಲೇ ಬಂದು ಕುಳಿತಿರಬೇಕು. ಇವು ಆರ್‌ನ ಸ್ವಂತ ಪ್ಯಾಕೇಜುಗಳಲ್ಲ, ಕಾರ್ಯಾಚರಣಾ ವ್ಯವಸ್ಥೆಗೆ ಸೇರಿದ ಲೈಬ್ರರಿಗಳು. ಆದ್ದರಿಂದ ಸಿಸ್ಟಂ ಅವಲಂಬನೆಗಳೆನಿಸುವ ಇವನ್ನು ಕರೆತರುವ ಗೋಜಿಗೆ ಆರ್‌ನ ಮಾಮೂಲಿ ಆಜ್ಞೆ ಹೋಗುವುದಿಲ್ಲ. ಉಬುಂಟುವಿನಲ್ಲಿ ಜಿಡಾಲ್ ಇದ್ದರೂ ಇಲ್ಲವೆಂಬ ದೂರು ಬರುವುದುಂಟು, ಏಕೆಂದರೆ ಕಂಪೈಲಿಗೆ ಬೇಕಾದ ಹೆಡರ್ ಕಡತಗಳು 'ಲಿಬ್‌ಜಿಡಾಲ್-ಡೆವ್' ಎಂಬ ಬೇರೆಯದೇ ಪೊಟ್ಟಣದಲ್ಲಿರುತ್ತವೆ. ವಿಂಡೋಸ್‌ನವರಿಗೆ ಸಿದ್ಧ ಬೈನರಿ ದೊರೆಯುವುದರಿಂದ ಈ ಸುಖದುಃಖ ತಿಳಿಯದು. ಪ್ಯಾಕೇಜಿನ ವಿವರಣಾ ಕಡತದಲ್ಲಿ ಇಂಥ ಬೇಡಿಕೆಗಳಿಗೆ ಜಾಗವಿದೆಯಾದರೂ, ಅಲ್ಲಿ ಕರ್ತೃ ತನಗೆ ತೋಚಿದ ಗದ್ಯ ಬರೆಯಬಹುದು (ಬರೆಯದೆಯೂ ಇರಬಹುದು). ಆ ಗದ್ಯವನ್ನು ಪೊಟ್ಟಣಗಳ ಹೆಸರಿಗೆ ಹೊಂದಿಸಿ, ಅಧಿಕಾರ ಕೊಟ್ಟರೆ ತಾನೇ ತಂದು ಹಾಕುವ 'ಪಾಕ್' ಎಂಬ ಇನ್ನೊಂದು ಪ್ಯಾಕೇಜ್ ಈಗ ಇದೆ. ಕಚೇರಿಯ ಗಣಕವಾದರೆ ಆ ಅಧಿಕಾರದ ಪಾಸ್‌ವರ್ಡ್ ಯಾರ ಬಳಿಯಿದೆ ಎಂಬ ಶೋಧ ಆಗಷ್ಟೇ ಆರಂಭವಾಗುತ್ತದೆ.