ಇಂಟರ್ವ್ಯೂ ನಾಳೆ, ಡ್ರೆಸ್ಸು ಇನ್ನೂ ಪೆಂಡಿಂಗು

ನಿಜ ಹೇಳಿ, ಈಗ ನಿಮ್ಮ ಮಂಚದ ಮೇಲೆ ಕೂರೋಕೆ ಜಾಗ ಇದೆಯಾ? ನಿಮ್ಮ ಚೂಡಿದಾರಗಳೆಲ್ಲ ಅಲ್ಲೇ, ರೂಮ್‌ಮೇಟಿನವೂ ಅಲ್ಲೇ. ಅವುಗಳ ಮೇಲೆ ಪಕ್ಕದ ರೂಮಿನ ಅಕ್ಕ ‘ಹುಷಾರು ಕಣೇ’ ಅಂತ ಹತ್ತು ಸಲ ಹೇಳಿ ಕೊಟ್ಟ ಕಾಟನ್ ಸೀರೆ. (ಉಡೋಕೆ ಬರುತ್ತಾ? ಹೋಗ್ಲಿ ಬಿಡಿ.) ಬೆಳಗಾದ್ರೆ ಸ್ಟಾಫ್ ನರ್ಸ್ ಇಂಟರ್ವ್ಯೂ, ನಿಮ್ಮ ತಲೆಯಲ್ಲಿರೋದು ಒಂದೇ ಪ್ರಶ್ನೆ: ನೀಲಿನಾ, ಕ್ರೀಮಾ?

ಪಾಪ, ನಿಮ್ಮನ್ನ ಬೈದು ಏನು ಪ್ರಯೋಜನ? ಬಿ.ಎಸ್ಸಿ. ನರ್ಸಿಂಗ್ ಅಂದ್ರೆ ನಾಲ್ಕು ವರ್ಷ ಬಟ್ಟೆ ಬಗ್ಗೆ ಯೋಚನೆಯೇ ಇಲ್ಲ. ಯೂನಿಫಾರ್ಮು ಕಾಲೇಜಿಂದು, ಕೂದಲಿಗೆ ಬನ್ನು, ನೆಟ್ಟು ಮೇಡಮ್ ಆರ್ಡರು, ಶೂ ಕೂಡ ಅವರು ಹೇಳಿದ ಬಣ್ಣದ್ದೇ. ‘ಯಾವಾಗಪ್ಪಾ ಈ ಕಾಟ ಮುಗಿಯೋದು’ ಅಂತ ದಿನಾ ಗೊಣಗಿದ್ರಿ. ಈಗ ಇಂಟರ್ವ್ಯೂ ಇಮೇಲಿನಲ್ಲಿ ‘ಫಾರ್ಮಲ್ಸ್’ ಅಂತ ಒಂದು ಪದ ಬಂದಿದ್ದೇ ತಡ, ಕೈಕಾಲೇ ಆಡ್ತಿಲ್ಲ!

ಸಲಹೆಗೇನೂ ಬರ ಇಲ್ಲ. ಅಮ್ಮ ಫೋನಲ್ಲಿ, “ಗುರುವಾರ ಕಣೇ, ಹಳದಿ ಹಾಕ್ಕೋ. ಒಂದೂವರೆಯೊಳಗೆ ಮುಗಿಸ್ಕೊಂಡ್ಬಿಡು, ಆಮೇಲೆ ರಾಹುಕಾಲ.” (ಎಚ್‌ಆರ್‌ನವರಿಗೆ ಹೇಳೋರು ಯಾರು?) ಹುಡುಗರೇ, ನೀವೇನು ಕಿಸಿಯೋದು? ಇಡೀ ಹಾಸ್ಟೆಲ್ಲಿಗೆ ಇರೋದು ಒಂದೇ ಟೈ. ಬಿಚ್ಚಿದ್ರೆ ಮತ್ತೆ ಕಟ್ಟೋಕೆ ಯಾರಿಗೂ ಬರಲ್ಲ ಅಂತ ಗಂಟು ಸಮೇತ ರೂಮಿಂದ ರೂಮಿಗೆ ಓಡಾಡ್ತಿದೆ.

ಕಿವಿ ಇಲ್ಲಿ ಕೊಡಿ, ಒಂದು ಒಳಗುಟ್ಟು. ಎಚ್‌ಆರ್‌ನವರು ನಿಮ್ಮ ರೆಸ್ಯೂಮೆ ನೋಡ್ತಾರೆ. ಪಕ್ಕದಲ್ಲಿ ಸುಮ್ಮನೆ ಕೂತಿರ್ತಾರಲ್ಲ ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಮ್, ಅವರು ನಿಮ್ಮ ಕೈ ನೋಡ್ತಾರೆ.

“ಹ್ಯಾಂಡ್‌ವಾಶ್ ಸ್ಟೆಪ್ಸ್ ತೋರ್ಸಮ್ಮ” ಅಂದ್ರು ಅಂತಿಟ್ಕೊಳ್ಳಿ. ಗಾಳಿಯಲ್ಲೇ ಉಜ್ಜೋಕೆ ಶುರು ಮಾಡಿದ್ರಿ. ಅಂಗೈಗೆ ಅಂಗೈ, ಆಮೇಲೆ ಬೆರಳ ಸಂದಿ... ಅಷ್ಟರಲ್ಲಿ ಬಳೆ ಝಲ್ ಅಂತು, ಉಂಗುರ ಅಡ್ಡ ಬಂತು, ಕುರ್ತಾದ ಉದ್ದ ತೋಳು ಜಾರಿ ಬೆರಳನ್ನೇ ಮುಚ್ಚಿತು. ಸೋಪು ನೀರಲ್ಲಿ ತೊಳೆಯೋಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು 40ರಿಂದ 60 ಸೆಕೆಂಡು. ಅಷ್ಟೂ ಹೊತ್ತು ಮೇಡಮ್ ಕಣ್ಣು ಎಲ್ಲಿರುತ್ತೆ? ನಿಮ್ಮ ಅಂಟಿಸಿದ ಉಗುರಿನ ಮೇಲೆ! (ಕಸಿನ್ ಮದುವೆಗೆ ಹಾಕ್ಸಿದ್ದು, ದುಡ್ಡು ಸುರಿದಿದ್ದೀರಿ, ಕೀಳೋಕೆ ಹೊಟ್ಟೆ ಉರಿಯುತ್ತೆ. ಗೊತ್ತು.)

ರೋಗಿಯನ್ನ ಮುಟ್ಟೋ ಕೈಗೆ ಕೃತಕ ಉಗುರು ಬೇಡ, ಸ್ವಂತ ಉಗುರಿನ ತುದಿಯೂ ಅರ್ಧ ಸೆಂಟಿಮೀಟರಿಗಿಂತ ಕಮ್ಮಿ ಇರಲಿ ಅಂತ ಅದೇ ಸಂಸ್ಥೆ 2009ರ ಮಾರ್ಗಸೂಚಿಯಲ್ಲಿ ಹೇಳಿದೆ. ನಿಮಗೆ ಹೊಸದಾ ಇದು? ಇಂಟರ್ನಲ್ಸ್‌ನಲ್ಲಿ ಬರೆದು ಮಾರ್ಕ್ಸು ಹೊಡೆದೋರೇ ನೀವು!

ಇಂಗ್ಲೆಂಡಿನಲ್ಲಂತೂ 2007ರಲ್ಲೇ, ರೋಗಿ ಹತ್ರ ಹೋಗೋವಾಗ ಮೊಣಕೈ ಕೆಳಗೆ ಏನೂ ಇರಬಾರದು ಅಂದ್ಬಿಟ್ರು. ಡಾಕ್ಟರುಗಳ ಉದ್ದ ತೋಳಿನ ಬಿಳಿ ಕೋಟು ಹೋಯ್ತು, ವಾಚು ಹೋಯ್ತು. ಟೈನೂ ಬೇಡ ಅಂದ್ರು. (ಐಇಎಲ್‌ಟಿಎಸ್ ಕೋಚಿಂಗಿಗೆ ಫೀಸು ಕಟ್ಟಿರೋರು ಇದನ್ನ ಇನ್ನೊಂದ್ಸಲ ಓದಿ. ಟೈ ಹುಡುಗರೂ ಓದಿ.)

ಸೆಂಟಾ? ಬೇಡ್ವೇ ಬೇಡ, ವಾಂತಿ ಬರ್ತಿರೋ ರೋಗಿಗಳ ಮಧ್ಯೆ ಕೆಲಸ ಕೇಳೋಕೆ ಹೊರಟಿದ್ದೀರಿ. ಹೀಲ್ಸಾ? ‘ಬನ್ನಿ, ವಾರ್ಡು ನೋಡ್ಕೊಂಡು ಬರೋಣ’ ಅಂತ ಮೂರು ಫ್ಲೋರು ಹತ್ತಿಸಿದ್ರೆ ಗೊತ್ತಾಗುತ್ತೆ. ಹೊಸ ಶೂ ಕಚ್ಚುತ್ತೆ, ಹಳೇದಕ್ಕೇ ಪಾಲಿಶ್ ಹೊಡೀರಿ.

ಅಂದ್ಮೇಲೆ ಯಾವುದು ಹಾಕ್ಕೊಳ್ಳೋದು? ಒಗೆದ ಕಾಟನ್ ಚೂಡಿದಾರ, ತೋಳು ಮೊಣಕೈವರೆಗೆ, ದುಪಟ್ಟಾಗೆ ಎರಡೂ ಕಡೆ ಪಿನ್ನು. ಹುಡುಗರಿಗೆ ತಿಳಿ ಬಣ್ಣದ ಶರ್ಟು, ಇಸ್ತ್ರಿ ಆಗಿದ್ರೆ ಸಾಕು. ನೀಲಿನೋ ಕ್ರೀಮೋ, ಮೇಡಮ್‌ಗೆ ಸಂಜೆಗೆ ನೆನಪೇ ಇರಲ್ಲ. ಈಗ ಏಳಿ, ಮೊದಲು ನೇಲ್ ಕಟ್ಟರ್ ಹುಡುಕಿ. ಇಸ್ತ್ರಿ ಅಂಗಡಿಯವನು ಎಂಟೂವರೆಗೆ ಬಾಗಿಲು ಹಾಕ್ತಾನೆ.